ಹೆಚ್ಚಿಗೆ ಹಾಕಿದ ಒಂದು ಪಾಟಾ

ಅಕ್ಕನ ಗಂಡ ಹೈದರಾಬಾದಿನಿಂದ ಆ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಅಫಜಲಪುರಕ್ಕೆ ತಂದಾಗ ನನಗೆ ಬುಲಾವ್ ಬಂತು. ನಾನು ಮೆಕ್ಯಾನಿಕಲ್ ಇಂಜಿನಿಯರ್, ಪಾಲಿಟೆಕ್ನಿಕ್‌ನಲ್ಲಿ ಅದನ್ನೇ ಪಾಠ ಮಾಡುತ್ತೇನೆ ಎಂಬ ಕಾರಣಕ್ಕೆ ಅಲ್ಲ. ನನಗೆ ಇಂಗ್ಲಿಷ್ ಓದಲು ಬರುತ್ತದೆ ಎಂಬ ಕಾರಣಕ್ಕೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದವನ ಕೈಗೆ ಎಂಟು ಸಿಲಿಂಡರಿನ ಗಾಡಿ ಬಂದರೆ ಏನಾಗುತ್ತದೆಯೋ ಅದೇ ಆಯಿತು.

ಅಮೆರಿಕದ ಹಳೆಯ ಕಾರು. ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು, ಸ್ಟೇರಿಂಗು ಎಡಗಡೆ. ಚಾಲೂ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಇಂಜಿನ್ನು ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಸತ್ತಿದ್ದು ಕೆಳಗಿನ ಭಾಗ. ಗಾಡಿಯ ಕುಣಿತ ತಡೆಯುವ ಶಾಕಪ್‌ಗಳ ಎಣ್ಣೆ ಎಂದೋ ಸೋರಿ ಒಣಗಿತ್ತು. ರಬ್ಬರ್ ಬುಶ್‌ಗಳು ಬೆರಳಿಟ್ಟರೆ ಪುಡಿಯಾಗುತ್ತಿದ್ದವು. ಹಿಂದಿನ ಗಾಲಿಗಳ ಮೇಲೆ ಒಂದರ ಮೇಲೊಂದು ಕೂಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ನಮ್ಮ ಕಡೆ ಪಾಟಾ ಅನ್ನುತ್ತಾರೆ, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಇವೆಲ್ಲವನ್ನೂ ಹೊಸದಾಗಿ ಆರಿಸಿ ತರಿಸಬೇಕಿತ್ತು.

"ನಿಮ್ಮಕ್ಕನ ಸಲುವಾಗಿ ತಂದೇನಿ ನೋಡು ಬೇ," ಅಂದ ಮಾಮಾ. ಅಕ್ಕನ ಗಂಡನನ್ನು ನಾನು ಹಾಗೇ ಕರೆಯುವುದು. "ಪಂಚಮಿಗಿ ಆಕಿನ್ನ ಆಳಂದಕ್ಕ ಇದರಾಗೇ ಕರಕೊಂಡ್ ಹೋಗಾಂವ."

ಅಕ್ಕ ಬಾಗಿಲಲ್ಲಿ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ನಿಂತಿದ್ದಳು. ಬೆನ್ನುಮೂಳೆಯ ನಡುವಿನ ಒಂದು ಗಾದಿ ಸರಿದು ಅವಳು ತಿಂಗಳುಗಟ್ಟಲೆ ಮಲಗಿದ್ದಳು. ಕುಲುಕುವ ಗಾಡಿಯಲ್ಲಿ ಕೂಡಬಾರದು ಎಂದು ಡಾಕ್ಟರು ಹೇಳಿದ್ದರು. ಮನೆಯ ಜೀಪಿನಲ್ಲಿ ಒಮ್ಮೆ ಹಟ ಮಾಡಿ ಹೊರಟು, ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಹಾಸಿಗೆ ಹಿಡಿದಿದ್ದಳು. ಹೋದ ಪಂಚಮಿಗೆ ತವರಿಗೆ ಹೋಗಿರಲಿಲ್ಲ. ಆಳಂದದಲ್ಲಿ ನಮ್ಮ ತಮ್ಮನ ಮನೆಯಲ್ಲಿರುವ ಅವ್ವನಿಗೆ ಮೊಣಕಾಲು ನೋವು, ಅವಳೂ ಬರುವಂತಿಲ್ಲ. "ಅವ್ವನ ಮಾರಿ ಫೋನಿನಾಗೇ ನೋಡೋದಾಗ್ಯಾದ" ಎಂದು ಅಕ್ಕ ಮತ್ತೆ ಮತ್ತೆ ಅನ್ನುತ್ತಿದ್ದಳು. ಆದ್ದರಿಂದಲೇ ನಾನು ಆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತೆ. ಇಲ್ಲವಾದರೆ ಆ ಮಂದಿಯ ನಡುವೆ ಕೂಡುವ ದರ್ದು ನನಗಿರಲಿಲ್ಲ.

ಮಾಮಾನ ಲಾರಿಗಳು ಮಣ್ಣೂರಿನ ಕಡೆಯಿಂದ ಕಬ್ಬು ಹೊರುತ್ತವೆ. ಲಾರಿ ಇದ್ದವನಿಗೆ ಸಲಹೆ ಕೊಡುವವರಿಗೇನು ಬರ? ಮುಖ್ಯ ಸಲಹೆಗಾರ ಅವನ ದೋಸ್ತ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯವ. ಅವನು ಬಂದವನೇ ಕಾರಿನ ಹಿಂದಿನ ಬಂಪರಿನ ಮೇಲೆ ಕಾಲಿಟ್ಟು ಎರಡು ಸಲ ಜಿಗಿದ. ಪರೀಕ್ಷೆ ಮುಗಿಯಿತು.

"ಹಿಂದ ಎತ್ತಬೇಕ್ರಿ ಸಾವ್ಕಾರ್ರ. ಕುಂಡಿ ಮ್ಯಾಲೆ, ಮೂತಿ ಕೆಳಗ. ಹುಲಿ ಹಾರಾಕ ನಿಂತಂಗ ಕಾಣಬೇಕು."

ಮೊಬೈಲಿನಲ್ಲಿ ಯಾವುದೋ ದೇಶದ ವೀಡಿಯೋ ತೋರಿಸಿದರು. ಹಾಸಿನಂಥ ರಸ್ತೆಯಲ್ಲಿ ಹಿಂಭಾಗ ಎತ್ತಿಕೊಂಡು ಇಂಥದೇ ಕಾರು ಓಡುತ್ತಿತ್ತು. ಆಮೇಲೆ ಬಿಡಿಭಾಗ ಮಾರುವವರ ಪುಟ ತೆಗೆದು ನನ್ನ ಕೈಗೆ ಕೊಟ್ಟರು. ಓದಿ ಹೇಳಿದೆ. ಗಾಡಿಯನ್ನು ನೆಲಕ್ಕೆ ಇಳಿಸುವ ಗಿಡ್ಡ ಸ್ಪ್ರಿಂಗುಗಳಿದ್ದವು. ರೇಸಿನವರಿಗೆಂದು ಬಿಗಿ ಶಾಕಪ್‌ಗಳಿದ್ದವು. ಮೊದಲಿದ್ದ ಎತ್ತರವನ್ನೇ ಇಟ್ಟುಕೊಂಡು ಮೆತ್ತಗೆ ಓಡಿಸುವ ಪಾಟಾ, ಶಾಕಪ್, ಬುಶ್‌ಗಳ ಪೂರ್ತಿ ಸೆಟ್ಟೂ ಇತ್ತು. ನಮಗೆ ಬೇಕಾದದ್ದು ಆ ಸೆಟ್ಟು ಎಂದೆ.

"ಯಾಕ?"

"ಮಾಮಾ, ಗಾಡಿ ಎಷ್ಟು ಭಾರ ಅದ ಅಷ್ಟಕ್ಕ ತಕ್ಕಂಗ ಪಾಟಾ ಇರಬೇಕು. ಭಾಳ ಬಿರುಸಾದ್ರ ಅದು ಬಾಗಂಗಿಲ್ಲ. ಅದು ಬಾಗಲಿಲ್ಲಂದ್ರ ಅಕ್ಕನ ಬೆನ್ನು ಬಾಗ್ತದ. ಶಾಕಪ್ ಕೆಲಸ ಎತ್ತೋದಲ್ಲ, ಕುಣಿಯೋದು ನಿಲ್ಲಸೋದು."

ಟ್ರ್ಯಾಕ್ಟರ್ ದೋಸ್ತ ಚಹಾ ಸುರ್ ಅಂತ ಎಳೆದ. "ಬಾಯಾರ, ಪುಸ್ತಕದಾಗ ಹಂಗಿರಬಹುದು. ನಮ್ಮ ರಸ್ತೆ ಪುಸ್ತಕ ಓದಿಲ್ರಿ."

"ರಸ್ತೆ ಓದಿಲ್ಲ, ಖರೆ," ಅಂದೆ. "ನೀವೂ ಓದಿಲ್ಲ. ಚಲೋ ಜೋಡಿ."

ಅಕ್ಕ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದಳು. ಮಾಮಾನ ಮುಖ ಗಂಟಾಯಿತು. ಓದಿದ ಹೆಂಗಸಿನ ಸೊಕ್ಕು ಎಂದು ಅವರಿಬ್ಬರೂ ಮನಸ್ಸಿನಲ್ಲಿ ಅಂದುಕೊಂಡದ್ದು ನನಗೆ ಕೇಳಿಸಿತು. ಹೌದು, ಸೊಕ್ಕೇ. ಅಪ್ಪ ಆಳಂದದ ಧಾನ್ಯದ ಅಡತಿ ಅಂಗಡಿಗಳಲ್ಲಿ ಹಮಾಲಿ ಮಾಡಿದವನು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬ ಶಬ್ದವನ್ನು ಜ್ವರಕ್ಕೆ ಮಾತ್ರ ಬಳಸುತ್ತಿದ್ದರು. ಹಾಸ್ಟೆಲಿನ ತಿಳಿ ಸಾರು ಉಂಡು, ವರ್ಗದಲ್ಲಿ ಒಬ್ಬಳೇ ಹುಡುಗಿಯಾಗಿ ಕೂತು, ಉಕ್ಕು ಎಲ್ಲಿ ಬಾಗುತ್ತದೆ ಎಲ್ಲಿ ಮುರಿಯುತ್ತದೆ ಎಂಬ ವಿಷಯವನ್ನು ಮೊದಲ ಸಲ ಫೇಲಾಗಿ ಎರಡನೇ ಸಲ ಬರೆದು ಗೆದ್ದವಳು ನಾನು. ಬಂಪರಿನ ಮೇಲೆ ಜಿಗಿದು ಇಂಜಿನಿಯರ್ ಆದವನ ಮುಂದೆ ಅದನ್ನು ಮುಚ್ಚಿಟ್ಟುಕೊಳ್ಳಬೇಕಾಗಿರಲಿಲ್ಲ.

ಮಾಮಾ ಪರದೆಯ ಮೇಲೆ ಬೆರಳಿಟ್ಟ. "ಈ ಕೆಂಪನವು ಚಲೋ ಕಾಣಸ್ತಾವ. ಇವೇ ಇರಲಿ."

ಅವು ರೇಸಿನ ಶಾಕಪ್‌ಗಳು. ಗಾಲಿಯ ಹಿಂದೆ, ಕೆಸರಿನೊಳಗೆ ಕೂಡುವ ವಸ್ತುವನ್ನು ಸೀರೆ ಆರಿಸಿದ ಹಾಗೆ ಬಣ್ಣ ನೋಡಿ ಆರಿಸಿದ. ಸೀರೆ ಆರಿಸುವಾಗ ಹೆಂಗಸರು ಸೆರಗಾದರೂ ಬಿಚ್ಚಿ ನೋಡುತ್ತಾರೆ.

ಪಾಟಾ ಹಳೆಯದೇ ಸಾಕೆಂದು ಮಾಮಾ ಶಾಕಪ್, ಬುಶ್ ಅಷ್ಟೇ ತರಿಸಿದ. ಪಾಟಾದ ಕೆಲಸಕ್ಕೆ ಗಾಡಿ ಜೇವರ್ಗಿಗೆ ಹೋಯಿತು. ಅಲ್ಲಿ ಲಾರಿ ಪಾಟಾ ಬಡಿಯುವ ಮಿಸ್ತ್ರಿಯೊಬ್ಬರಿದ್ದಾರೆ, ಮಾಮಾನ ಎಲ್ಲ ಗಾಡಿಗಳಿಗೂ ಅವರೇ. ನೀನೂ ಹೋಗು ಎಂದು ಅಕ್ಕ ಬೇಡಿಕೊಂಡಳೆಂದು ಹೋದೆ. ಹಳೆಯ ಪಟ್ಟಿಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸು ಹಚ್ಚಿ ಕೂಡಿಸಿದ್ದರು. ಅಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ಮಾಮಾ ಮೂಲೆಯಲ್ಲಿ ಬಿದ್ದಿದ್ದ ಮಾಲು ಟೆಂಪೋದ ದಪ್ಪ ಪಟ್ಟಿಗಳನ್ನು ಕಾಲಿನಿಂದ ತೋರಿಸಿ, "ಒಂದೊಂದು ಪಾಟಾ ಹೆಚ್ಚಿಗಿ ಹಾಕು ಭಾಯ್. ತಾನೇ ಏಳ್ತದ" ಅಂದ.

"ಚಾಚಾ, ಹಾಕಬ್ಯಾಡ್ರಿ," ಅಂದೆ. "ಒಳಗ ಕೂಡೋರು ಮನುಷ್ಯಾರು, ಕಬ್ಬಲ್ಲ."

ಮಿಸ್ತ್ರಿ ಕಿವಿಯ ಹಿಂದಿನ ಬೀಡಿ ತೆಗೆದರು. "ನಂದೇನದ ಬೇಟಾ. ಹಾಕು ಅಂದ್ರ ಹಾಕ್ತೇನಿ, ತಗಿ ಅಂದ್ರ ತಗೀತೇನಿ. ಎರಡಕ್ಕೂ ತ್ರಾಸ್ ಒಂದೇ."

ಹಾಕಿದರು. ಕೆಂಪು ಶಾಕಪ್‌ಗಳನ್ನೂ ಕೂಡಿಸಿದರು. ಅವುಗಳಿಗೆ ಬಿಗಿ ಸಡಿಲ ಮಾಡಿಕೊಳ್ಳುವ ತಿರುಪು ಇತ್ತು. ಬಿಗಿ ಇದ್ದರೆ ಗಟ್ಟಿ ಎಂದು ಮಾಮಾ ಅದನ್ನು ಕೊನೆಯವರೆಗೆ ತಿರುಗಿಸಿದ. ಗಾಡಿ ಹುಲಿಯಂತೆ ನಿಂತಿತು. ಓಡಿದ್ದು ಮಾತ್ರ ಮೇಕೆಯಂತೆ. ಒಂದು ಬೆಣಚುಕಲ್ಲು ಸಿಕ್ಕರೂ ಹಿಂಭಾಗ ನೆಲ ಬಿಟ್ಟು ಜಿಗಿಯುತ್ತಿತ್ತು. ಅಫಜಲಪುರದೊಳಗೇ ಒಂದು ಸುತ್ತು ಹಾಕಿ ಬಂದ ಅಕ್ಕ ಸೀದಾ ಒಳಗೆ ಹೋಗಿ ಮಲಗಿಬಿಟ್ಟಳು.

ಆಗ ಲಾರಿ ಮಾಲೀಕನ ತಲೆ ಓಡಿತು.

"ಖಾಲಿ ಗಾಡಿ ಕುಣಿತದ. ಲೋಡ್ ಹಾಕಿದ್ರ ಕೂಡ್ತದ," ಎಂದವನೇ ಎರಡು ಚೀಲ ತೊಗರಿ ತರಿಸಿ ಡಿಕ್ಕಿಯಲ್ಲಿ ಹಾಕಿಸಿದ. ನನಗೆ ಸಿಟ್ಟು ಬಂದದ್ದು ಅದು ಸುಳ್ಳೆಂದು ಅಲ್ಲ. ಖಾಲಿ ಲಾರಿ ಕುಣಿಯುವುದು ನಿಜ, ಭಾರ ಬಿದ್ದರೆ ಬಿರುಸು ಪಾಟಾ ಸ್ವಲ್ಪ ಬಗ್ಗುವುದೂ ನಿಜ. ಆದರೆ ಹಿಂಭಾಗ ಎತ್ತಲು ಪಾಟಾ ಹಾಕಿ, ಎತ್ತಿದ್ದನ್ನು ಕೂಡಿಸಲು ಚೀಲ ಹೇರುವ ಬುದ್ಧಿ ಈ ಭೂಮಿಯ ಮೇಲೆ ಕಬ್ಬಿನ ಲಾರಿಯವರಿಗೆ ಬಿಟ್ಟು ಬೇರೆ ಯಾರಿಗೂ ಹೊಳೆಯಲಾರದು. ಹುಲಿ ಈಗ ಉಂಡು ಮಲಗಿದ ಎಮ್ಮೆಯಂತೆ ಕಾಣುತ್ತಿತ್ತು. ಅದನ್ನು ಹೇಳಿದರೆ, "ಹೊಟ್ಟೆಕಿಚ್ಚು ಬೇ ನಿನಗ" ಅಂದ.

ಪಂಚಮಿಯ ಹಿಂದಿನ ದಿನ ಹೊರಟೆವು. ಎರಡು ಬಾಗಿಲಿನ ಕಾರು. ಹಿಂದೆ ಕೂಡಬೇಕೆಂದರೆ ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ, ಸೊಂಟ ತಿರುವಿ ತೂರಬೇಕು. ಬೆನ್ನು ಬಗ್ಗಿಸಲು ಬಾರದ ಹೆಂಡತಿಗೆಂದು ತಂದ ಗಾಡಿ ಇದು. ಇಷ್ಟು ದಿನ ಅದರ ಕೆಳಗೆ ಬಗ್ಗಿ ಬಗ್ಗಿ ನೋಡಿದ ಗಂಡಸರಲ್ಲಿ ಒಬ್ಬನೂ ಬಾಗಿಲನ್ನು ನೋಡಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು, ಹಲ್ಲು ಕಚ್ಚಿ ಒಳಗೆ ಸೇರಿದಳು. ಅವಳ ಪಕ್ಕಕ್ಕೆ ನಾನು. ಎಡಗಡೆ ಸ್ಟೇರಿಂಗಿಗೆ ಮಾಮಾ, ಬಲಗಡೆ ಮುಂದಿನ ಸೀಟಿಗೆ ಟ್ರ್ಯಾಕ್ಟರ್ ದೋಸ್ತ. ತಾನು ಎತ್ತಿಸಿದ ಗಾಡಿಯ ಗಮ್ಮತ್ತು ನೋಡಲು ಬಂದಿದ್ದನಂತೆ.

ನಮ್ಮ ಕಡೆಯ ಹಳ್ಳಿಗಳಿಗೆ ಒಂದು ಚಾಳಿ ಇದೆ. ಯಾರದೋ ಮೇಕೆ ಗಾಡಿಗೆ ಸಿಕ್ಕಿತೆಂದರೆ ಊರವರೇ ಮುರುಮು ಮಣ್ಣು ಸುರಿದು ರಸ್ತೆಗೆ ಅಡ್ಡ ಹಂಪು ಕಟ್ಟುತ್ತಾರೆ. ಮುಂದಿನ ಊರಿನವರು ಅದಕ್ಕಿಂತ ಎತ್ತರದ್ದನ್ನು ಕಟ್ಟುತ್ತಾರೆ. ಬಣ್ಣ ಇಲ್ಲ, ಬೋರ್ಡು ಇಲ್ಲ. ಮೊದಲ ಹಂಪನ್ನು ಮಾಮಾ ಮೆಲ್ಲಗೆ ದಾಟಿಸಿದ. "ನೋಡಿದ್ರ್ಯಾ? ಹೂವಿನಂಗ!" ಎಂದ ದೋಸ್ತ. ಎರಡನೆಯದು ಮರದ ನೆರಳಲ್ಲಿ ಕಾಣಲಿಲ್ಲ. ಮುಂದಿನ ಗಾಲಿ ಹೋಯಿತು, ಹಿಂದಿನ ಗಾಲಿ ಬಡಿಯಿತು, ಚೀಲಗಳು ಎಗರಿ ನಮ್ಮ ಸೀಟಿನ ಬೆನ್ನಿಗೆ ಗುದ್ದಿದವು. ಅಕ್ಕನ ಬಾಯಿಂದ ಬಂದ ದನಿ ಕೂಗು ಅಲ್ಲ, ಉಸಿರು ಸಿಕ್ಕಿಕೊಂಡ ಸದ್ದು.

"ಏನಾತ್ರಿ ವೈನಿ?" ಎಂದ ದೋಸ್ತ.

"ನಿಲ್ಲಸ್ರಿ," ಅಂದಳು ಅಕ್ಕ.

"ಇನ್ನ ಸ್ವಲ್ಪ ಮುಂದ ಹೋದ್ರ ರಸ್ತಾ ಚಲೋ..." ಎಂದು ಮಾಮಾ ರಾಗ ಎಳೆದ.

"ನಿಲ್ಲಸ್ರಿ ಅಂದೆ."

ಇಳಿದಳು. ಹೆಸರಿನ ಹೊಲದ ಬದುವಿನ ಪಕ್ಕ, ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತಳು. ಕಣ್ಣಲ್ಲಿ ನೀರಿತ್ತು. ವಾಪಸು ಹೋಗೋಣವೇ ಎಂದು ಮಾಮಾ ಕೇಳಿದ. ಅವಳು ಆಳಂದದ ಕಡೆಯ ರಸ್ತೆಯನ್ನೇ ನೋಡಿದಳು. ಮತ್ತೊಂದು ಪಂಚಮಿ ಹೀಗೇ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಅಕ್ಕಾ, ಮುಂದ ಕೂಡು," ಅಂದೆ. "ಹಿಂದಿನ ಸೀಟು ಅಚ್ಚಿನ ಮ್ಯಾಲೇ ಅದ. ಗಾಲಿ ಎದ್ದಷ್ಟೂ ನೀನೂ ಏಳ್ತಿ. ಮುಂದಿಂದು ಎರಡೂ ಗಾಲಿ ನಡುವ ಅದ, ಅಷ್ಟು ಏಳಂಗಿಲ್ಲ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮಲ್ಲಿ ಪರಗಂಡಸು ಗಾಡಿಯಲ್ಲಿದ್ದರೆ ಮನೆಯ ಹೆಂಗಸು ಮುಂದೆ ಕೂಡುವುದಿಲ್ಲ. ಯಾರು ಮಾಡಿದ ಕಾನೂನೋ, ಎಲ್ಲಿಯೂ ಬರೆದಿಲ್ಲ, ಎಲ್ಲರೂ ಪಾಲಿಸುತ್ತಾರೆ.

"ಮಂದಿ ನೋಡಿದ್ರ ಏನಂದಾರು?" ಮಾಮಾ ಅಂದ.

"ಮಂದಿ ಬೆನ್ನು ನೋಯ್ತದೇನ್ರಿ?" ಎಂದಳು ಅಕ್ಕ. ಹೋಗಿ ಮುಂದೆ ಕೂತಳು. ಯಾರ ಅಪ್ಪಣೆಗೂ ಕಾಯಲಿಲ್ಲ.

ಸಲಹೆಗಾರ ನನ್ನ ಪಕ್ಕಕ್ಕೆ ಬಂದ. ಮುಂದಿನ ಊರಿನ ಹಂಪಿನಲ್ಲಿ ಅವನ ತಲೆ ಕಾರಿನ ಛಾವಣಿಗೆ ಠಣ್ ಎಂದು ಬಡಿಯಿತು. ಅದರ ಮುಂದಿನದರಲ್ಲಿ ನಾಲಗೆ ಕಚ್ಚಿಕೊಂಡ. ನನಗೂ ಬಡಿಯಿತು, ಆದರೆ ಅವನಿಗೆ ಬಡಿದದ್ದನ್ನು ನೋಡುವ ಸುಖಕ್ಕೆ ನನ್ನದು ಮರೆತುಹೋಯಿತು.

"ಹೆಂಗದ್ರಿ?" ಅಂದೆ. "ಹೂವಿನಂಗ?"

"ಸ್ವಲ್ಪ ಬಿರುಸು ಅದ ಬಿಡ್ರಿ ಬಾಯಾರ," ಎಂದು ಗೊಣಗಿದ.

ಆಳಂದ ಮುಟ್ಟಿದೆವು. ಅವ್ವ ಹೊಸ್ತಿಲಲ್ಲಿ ಕೂತೇ ಎರಡೂ ಕೈ ಚಾಚಿದಳು. ಅಕ್ಕನಿಗೆ ಬಗ್ಗಲು ಬಾರದು, ಅವ್ವನಿಗೆ ಏಳಲು ಬಾರದು. ನಾವು ಕುರ್ಚಿ ತಂದು ಅಕ್ಕನನ್ನು ಕೂಡಿಸುವವರೆಗೆ ಇಬ್ಬರೂ ಹಾಗೇ ನಗುತ್ತ, ಅಳುತ್ತ ಇದ್ದರು. ಹಬ್ಬಕ್ಕೆ ಅಕ್ಕ ಜೋಕಾಲಿ ಏರಲಿಲ್ಲ. ಪಕ್ಕದಲ್ಲಿ ಕೂತು ಉಂಡಿ ತಿನ್ನುತ್ತ, ಏರಿದವರಿಗೆಲ್ಲ ಜೋರಾಗಿ ಜೀಕಿರೆಂದು ಬೈಯುತ್ತಿದ್ದಳು.

ಹಬ್ಬ ಮುಗಿಸಿ ಮಾಮಾ ಹೊರಡೋಣ ಅಂದ. ಅಕ್ಕ ಹಾಸಿಗೆ ಬಿಟ್ಟು ಏಳಲಿಲ್ಲ.

"ಆ ಪಾಟಾ ತಗಸ್ಕೊಂಡ್ ಬರ್ರಿ. ಆಮ್ಯಾಲೆ ಬರ್ತೇನಿ."

"ಹಿಂದ ಇಳೀತದಲೇ. ಚಂದ ಕಾಣಂಗಿಲ್ಲ."

"ನನಗೇನ್ ಮಾಡೋದದ ಅದು? ನಾ ಒಳಗ ಕೂತಿರ್ತೇನಿ."

ಅವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೆಮ್ಮಿದಳು, ನಗು ನುಂಗಲು. ಮಾಮಾ ದೋಸ್ತನನ್ನು ಕರೆದುಕೊಂಡು ಸೀದಾ ಹೋದ. ತೊಗರಿ ಚೀಲಗಳನ್ನು ಇಳಿಸುವುದನ್ನೂ ಮರೆತು ಹೋದ, ಅಥವಾ ಅವಿಲ್ಲದೆ ಓಡಿಸುವ ಧೈರ್ಯ ಇರಲಿಲ್ಲ.

ಮುಂದಿನ ರವಿವಾರ ಒಬ್ಬನೇ ಬಂದ. ನಾನೂ ಅಂದು ಆಳಂದದಲ್ಲಿದ್ದೆ. ಪಾಟಾ ತೆಗೆಸಿದ್ದೇನೆ ಎಂದ. ನನಗೆ ಅವನ ಮಾತಿನ ಮೇಲೆ ಭರವಸೆ ಇಲ್ಲ, ಉಕ್ಕಿನ ಮೇಲೆ ಇದೆ. ಓಣಿಯ ಹೆಂಗಸರು ಕಟ್ಟೆಯ ಮೇಲಿಂದ ನೋಡುತ್ತಿದ್ದಂತೆ ನೆಲದ ಮೇಲೆ ಗೋಣಿ ಹಾಸಿ, ಚೂಡಿದಾರದ ವೇಲು ಬಿಗಿದು ಕಾರಿನ ಕೆಳಗೆ ತೂರಿದೆ. ದಪ್ಪ ಪಟ್ಟಿ ಎರಡೂ ಕಡೆ ಇರಲಿಲ್ಲ. ಕೆಂಪು ಶಾಕಪ್‌ನ ತಿರುಪು ಮಾತ್ರ ಹಾಗೇ ಕೊನೆಗೆ ನಿಂತಿತ್ತು. ಯಾರನ್ನೂ ಕೇಳದೆ ಸಡಿಲ ಮಾಡಿದೆ. ಮೇಲೆ ಮಾಮಾ ಪಕ್ಕದ ಮನೆಯ ಹಿರಿಯರಿಗೆ ಹೇಳುತ್ತಿದ್ದುದು ಕೇಳುತ್ತಿತ್ತು: "ಪಾಟಾ ಹೆಚ್ಚಾಗಿತ್ರಿ. ನನಗ ಮೊದಲೇ ಡೌಟ್ ಇತ್ತು. ನಾನೇ ಹೇಳಿ ತಗಸಿದೆ."

ಹೊರಗೆ ಬಂದು ಬೆನ್ನಿನ ಮಣ್ಣು ಜಾಡಿಸಿಕೊಂಡೆ. ಅವನನ್ನು ತಿದ್ದಲು ಹೋಗಲಿಲ್ಲ. ಅಷ್ಟು ಬಿರುಸಿನ ಉಕ್ಕು ಬಾಗುವುದಿಲ್ಲ.

"ತಗದಾರೇನ್ ಬೇ?" ಅಕ್ಕ ಒಳಗಿಂದ ಕೇಳಿದಳು.

"ತಗದಾರ."

ಅಕ್ಕ ಬಂದು ಮುಂದೆ ಕೂತಳು. ಗಾಡಿ ಹೊರಟಿತು. ಓಣಿಯ ತಿರುವಿನಲ್ಲಿ ಹೊಸದಾಗಿ ಕಟ್ಟಿದ ಹಂಪು ಒಂದಿದೆ. ನಾನು ರಸ್ತೆಯ ನಡುವೆ ನಿಂತು ನೋಡಿದೆ. ಹಿಂಭಾಗ ಒಮ್ಮೆ ಏರಿತು, ಒಮ್ಮೆ ಇಳಿಯಿತು, ಕುಣಿತ ಅಲ್ಲಿಗೇ ನಿಂತಿತು. ಕಿಟಕಿಯಿಂದ ಅಕ್ಕನ ಕೈ ಹೊರಬಂದು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಹೊಸ್ತಿಲಲ್ಲಿ ಕೂತ ಅವ್ವನ ಕಡೆ ಬೀಸುತ್ತಲೇ ಇತ್ತು.