ಅವ್ವನ ಕಣ್ಣೊಳಗಿನ ಎಣ್ಣೆ

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಹಗಲು ಹೊತ್ತು ಮಗ್ಗದ ಸದ್ದು ನಿಂತರೆ ಏನೋ ಆಗಿದೆ ಎಂದೇ ಅರ್ಥ. ಆ ಬೆಳಗ್ಗೆ ಹನೂರಿನ ಶಾಲೆಗೆ ಪಾಠ ಮಾಡಲು ಹೊರಟಿದ್ದವಳು ಚಪ್ಪಲಿ ಬಿಟ್ಟು ಒಳಗೆ ಬಂದೆ. ಅವ್ವ ಮಗ್ಗದ ಮೇಲೆ ಬಗ್ಗಿ, ನೇಯ್ದಿದ್ದ ರೇಷ್ಮೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಏನವ್ವ ಅದು?”

“ಗುಂಡುಗುಂಡಗೆ ಏನೋ ಅಂಟ್ಕಂಡದೆ ಕಣವ್ವ. ಕೆರುದ್ರೂ ಓಯ್ತಾ ಇಲ್ಲ.”

ಸೀರೆಯ ಮೇಲೆ ಏನೂ ಇರಲಿಲ್ಲ. ಗೋಡೆ ನೋಡು ಅಂದೆ. ನೋಡಿದಳು. “ಅಲ್ಲೂ ಅವೆ,” ಅಂದಳು.

ಸಕ್ಕರೆ ಕಾಯಿಲೆಯಿಂದ ಅವಳ ಬಲಗಣ್ಣಿನ ಹಿಂಭಾಗದ ಪರದೆಯಲ್ಲಿ ನೀರು ತುಂಬಿಕೊಂಡಿತ್ತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ತಿಂಗಳಿಗೊಮ್ಮೆ ಕಣ್ಣಿನೊಳಕ್ಕೇ ಇಂಜೆಕ್ಷನ್ ಹಾಕುತ್ತಿದ್ದರು. ಅದರಿಂದಲೇ ಅವಳಿಗೆ ಮತ್ತೆ ಎಳೆಗಳು ಬಿಡಿಬಿಡಿಯಾಗಿ ಕಾಣತೊಡಗಿದ್ದವು. ಆ ವಾರವಷ್ಟೇ ಒಂದು ಹಾಕಿಸಿ ಬಂದಿದ್ದೆವು. ಪರದೆಯೇ ಕಿತ್ತುಬಂತೇನೋ ಎಂದು ಹೆದರಿ, ಶಾಲೆಗೆ ರಜೆ ಹೇಳಿ ಅವಳ ಜೊತೆ ಮೈಸೂರಿನ ಬಸ್ಸು ಹತ್ತಿದೆ.

ವೈದ್ಯರು ಬಹಳ ಹೊತ್ತು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. “ಪರದೆ ಚೆನ್ನಾಗಿದೆ. ಇವು ಸಿಲಿಕೋನ್ ಎಣ್ಣೆಯ ಹನಿಗಳು. ಸಿರಿಂಜಿನ ಒಳಗೆ ಔಷಧ ತಳ್ಳುವ ದಂಡ ಸರಾಗವಾಗಿ ಜಾರಲಿ ಅಂತ ಸವರಿರ್ತಾರೆ. ಒಮ್ಮೊಮ್ಮೆ ಔಷಧದ ಜೊತೆ ಕಣ್ಣಿಗೆ ಹೋಗಿಬಿಡುತ್ತೆ.”

ಇಂಜೆಕ್ಷನ್ ಆದ ಮೇಲೆ ಒಂದು ಹನಿ ನೀರೂ ತಾಗದಂತೆ ಅವ್ವನ ಮುಖ ಒರೆಸುತ್ತಿದ್ದವಳು ನಾನು. ಬಸ್ಸಿನ ಧೂಳಿಗೆ ಸೆರಗು ಅಡ್ಡ ಹಿಡಿಯುತ್ತಿದ್ದೆ. ಇಂಜೆಕ್ಷನ್ ಕೋಣೆಯಲ್ಲಿ ಎಲ್ಲಕ್ಕಿಂತ ಶುದ್ಧವೆಂದು ನಂಬಿದ್ದ ಸಿರಿಂಜಿನಿಂದಲೇ ಎಣ್ಣೆ ಒಳಗೆ ಹೋಗಿತ್ತು.

“ಎಣ್ಣೆಯಾ ಸಾ? ನನ್ ಕಣ್ಣೊಳಗಾ?” ಅವ್ವ ಕೇಳಿದಳು. “ತೆಗ್ದುಬುಡಿ ಮತ್ತೆ.”

“ಅದಕ್ಕೆ ಆಪರೇಷನ್ ಆಗಬೇಕಮ್ಮ. ಈ ಹನಿಗಳಿಗಿಂತ ಅದರ ಅಪಾಯವೇ ಜಾಸ್ತಿ.”

“ಇಂಗಾಯ್ತದೆ ಅಂತ ಮೊದ್ಲೇ ಯೇಳ್ಬೋದಿತ್ತಲ್ಲ ಸಾ.”

“ಹೇಳಬೇಕಿತ್ತು,” ಎಂದು ವೈದ್ಯರು ಒಪ್ಪಿಕೊಂಡರು. ಗಾಳಿಗುಳ್ಳೆ ತೆಗೆಯಲು ಸಿರಿಂಜನ್ನು ಬೆರಳಿನಿಂದ ತಟ್ಟಿದರೆ ಎಣ್ಣೆ ಇನ್ನಷ್ಟು ಬಿಡುತ್ತದಂತೆ. ಇನ್ನು ಮುಂದೆ ಎಣ್ಣೆ ಸವರದ ಸಿರಿಂಜನ್ನೇ ತರಿಸುತ್ತೇನೆ ಎಂದರು.

ಮರಳುವ ಬಸ್ಸು ಯಳಂದೂರು ದಾಟಿತು. ಅವ್ವ, “ಇನ್ ಸೂಜಿ ಬ್ಯಾಡ ಕಣ್ ಮಗ,” ಅಂದಳು.

ಆದರೆ ಮುಂದಿನ ತಿಂಗಳ ಹೊತ್ತಿಗೆ ಹೊರಡೋಣವೆಂದು ಅವಳೇ ಸೀರೆ ಬದಲಾಯಿಸಿ ನಿಂತಳು. “ಎಳೆ ಮಸುಕಾಯ್ತಾ ಅದೆ. ನಡಿ, ಓಗವ.” ಆಸ್ಪತ್ರೆಯಲ್ಲಿ ಮಲಗುವ ಮುಂಚೆ, “ಎಣ್ಣೆ ಇಲ್ದೇ ಇರೋದೇ ತಾನೇ ಸಾ?” ಎಂದು ಕೇಳಿದಳು. ವೈದ್ಯರು ಹೌದೆಂದ ಮೇಲೆಯೇ ತಲೆ ಆನಿಸಿದಳು.

ಹೊಸ ಹನಿಗಳು ಬರಲಿಲ್ಲ. ಹಳೆಯವು ಹೋಗಿಲ್ಲ. ಬಿಸಿಲಿಗೆ ಬಂದಾಗ ನೋಟದ ತಳದಲ್ಲಿ ಅಲುಗಾಡುತ್ತವಂತೆ. ಅವ್ವ ಬೆರಳು ಮಾಡಿ ತೋರಿಸುತ್ತಾಳೆ. ನನಗೆ ಅಲ್ಲಿ ಬರೀ ಅಂಗಳ ಕಾಣುತ್ತದೆ.