ಗಟ್ಟಿ ಸಬಕಾರದ ಕಾಕು

ಮೊನ್ನೆ ಗಡಹಿಂಗ್ಲಜದ ಬಸ್ ನಿಲ್ದಾಣದ ಎದುರು ಭಜಿ ಗಾಡಿಯೊಂದನ್ನು ದಾಟುವಾಗ ಹಳೆಯ ವನಸ್ಪತಿ ತುಪ್ಪದ ಕಮಟು ವಾಸನೆ ಮೂಗಿಗೆ ಬಡಿಯಿತು. ಸೆರಗು ಮೂಗಿಗೆ ಹಿಡಿದೆ. ಹಿಡಿದ ಮೇಲೆ ಕಾಕು ನೆನಪಾದಳು…

ನಾನು ಚಿಕ್ಕವಳಿದ್ದಾಗ ಇಚಲಕರಂಜಿಯಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡೇ ಅವಳ ಮನೆ. ನೆಂಟಳಲ್ಲದಿದ್ದರೂ ಚಿಕ್ಕಮ್ಮ ಎಂಬಂತೆ ಕಾಕು ಎನ್ನುತ್ತಿದ್ದೆ. ಗಂಡ ತೀರಿದ ಮೇಲೆ ಸಬಕಾರ, ಅಂದರೆ ಬಟ್ಟೆ ಒಗೆಯುವ ಸಾಬೂನು, ಮಾಡಿ ಮಾರುತ್ತಿದ್ದಳು. ಮಿಠಾಯಿ ಅಂಗಡಿಯವರು ಕರಿದು ಬಿಟ್ಟ ವನಸ್ಪತಿಯನ್ನು ಡಬ್ಬಿಯಲ್ಲಿ ಹೊತ್ತು ತರುತ್ತಿದ್ದಳು. ಕರಕು ಚೂರು ತೇಲುವ, ನೊಣ ಸತ್ತು ಬಿದ್ದ ಆ ಕಪ್ಪು ಜಿಡ್ಡನ್ನು ಹಳೆಯ ಸೀರೆಯಲ್ಲಿ ಸೋಸುವಾಗ ನನಗೆ ವಾಕರಿಕೆ ಬರುತ್ತಿತ್ತು. ಆದರೂ ಮುಂದಿನ ತಮಾಷೆಗಾಗಿ ನಿಲ್ಲುತ್ತಿದ್ದೆ. ಬಟ್ಟೆಗೆ ಬಣ್ಣ ಹಾಕುವ ಕಾರಖಾನೆಯವರು ಬಳಸುವ ಕಾಸ್ಟಿಕ್ ಸೋಡಾವನ್ನು ಅವಳು ತಣ್ಣೀರಿಗೆ ಸುರಿದರೆ, ಒಲೆಯಿಲ್ಲದೆ ನೀರು ಸುಡತೊಡಗುತ್ತಿತ್ತು, ಹಬೆ ಏಳುತ್ತಿತ್ತು.

“ದೂರ ನಿಂದ್ರ. ಇದರ ಸಿಟ್ಟ ಇಳೀಲಿ,” ಎನ್ನುತ್ತಿದ್ದಳು.

ಅದು ಆರಿದ ಮೇಲೆ ವನಸ್ಪತಿಗೆ ಬೆರೆಸಿ, ಅಚ್ಚಿಗೆ ಹೊಯ್ದು, ಗೋಣಿಚೀಲ ಹೊಚ್ಚುತ್ತಿದ್ದಳು. ಚೀಲದ ಮೇಲೆ ನನ್ನ ಕೈ ಇಡಿಸಿ, “ಜ್ವರ ಬಂದಾವ ನೋಡು,” ಎಂದು ನಗುತ್ತಿದ್ದಳು. ನಿಜಕ್ಕೂ ಬೆಚ್ಚಗಿರುತ್ತಿತ್ತು.

ಅವಳ ಸಬಕಾರ ಭಾರಿ ಗಟ್ಟಿ. ನೀರಲ್ಲಿ ಮರೆತು ಬಿಟ್ಟರೂ ಮುದ್ದೆಯಾಗುತ್ತಿರಲಿಲ್ಲ. ಓಣಿಯವರೆಲ್ಲ ಕಿರಾಣಿ ಅಂಗಡಿಯ ಸಬಕಾರ ಬಿಟ್ಟು ಇದಕ್ಕೇ ಬಂದರು. ಅಂಗಡಿಯವನ ಹೊಟ್ಟೆ ಉರಿಯಿತು. ಒಂದು ದಿನ ನಮ್ಮ ಅಜ್ಜಿಗೆ ಹೇಳಿದ:

“ಎಣ್ಣಿ ಸಬಕಾರ ಮೆತ್ತಗ ಇರ್ತೈತ್ರಿ ಆಯಿ. ಇಷ್ಟ ಗಟ್ಟಿ ಆಗಬೇಕಂದ್ರ ಚರಬೀನ ಹಾಕಿರಬೇಕ.”

ನಾವು ಲಿಂಗಾಯತರು, ಎದುರು ಸಾಲಿನವರು ಜೈನರು. ಪ್ರಾಣಿಯ ಕೊಬ್ಬು ಎಂದರೆ ಕೇಳಬೇಕೆ… ಪೂಜೆಯ ಬಟ್ಟೆ ಒಗೆದ ಕೈಯನ್ನು ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಎದುರು ಮನೆಯಾಕೆ ವಾಂತಿ ಮಾಡಿಕೊಂಡಳು. ಮಧ್ಯಾಹ್ನದೊಳಗೆ ಗಟಾರದ ತುಂಬ ಸಬಕಾರ. ಅದೇ ವನಸ್ಪತಿಯಲ್ಲಿ ಕರಿದ ಬಾಲೂಶಾಹಿ ಮಿಠಾಯಿಯನ್ನು ಹಬ್ಬದಲ್ಲಿ ಬೆರಳು ಚೀಪಿ ತಿಂದ ಜನವೇ ಇವರು.

ಸಂಜೆ ಕಾಕು ಡಬ್ಬಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

“ಆಯಿ, ಮೂಸಿ ನೋಡ್ರಿ. ದೇವರಾಣಿ, ಇದು ವನಸ್ಪತಿನ ಐತ್ರಿ.”

“ಹೊಸ್ತಿಲ ದಾಟಬ್ಯಾಡ,” ಎಂದಳು ಅಜ್ಜಿ, ಒಳಗಿನಿಂದಲೇ. ಮಿಕ್ಕ ಮನೆಯವರು ಕದ ಹಾಕಿಕೊಂಡರು. ಆ ಡಬ್ಬಿಯನ್ನು ಒಬ್ಬರೂ ಮೂಸಲಿಲ್ಲ.

ಕೊಳ್ಳುವವರಿಲ್ಲದೆ ಕಾಕು ಮನೆ ಬಿಟ್ಟು ಗಡಹಿಂಗ್ಲಜಕ್ಕೆ, ಅಣ್ಣನ ಮನೆಗೆ ಹೋದಳು. ಅಲ್ಲಿ ಅತ್ತಿಗೆಯ ಕೈಕೆಳಗೆ ಪಾತ್ರೆ-ಭಾಂಡೆ ತಿಕ್ಕಿಕೊಂಡಿದ್ದಳಂತೆ. ಸಬಕಾರ ಮಾತ್ರ ಮತ್ತೆ ಮಾಡಲಿಲ್ಲವಂತೆ. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು…

ಈಗ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೊಸ ಬಂಧಗಳು ಕೂಡುವಾಗ ಶಾಖ ಹೊರಬೀಳುತ್ತದೆ ಎನ್ನುವಾಗ ಗೋಣಿಚೀಲದ ಆ ಜ್ವರ ಅಂಗೈಗೆ ತಾಗುತ್ತದೆ. ಎಣ್ಣೆಯ ಅಣುಗಳ ಸರಪಳಿಗಳು ಜೋಡಿ ಬಂಧ ಇದ್ದಲ್ಲಿ ಬಾಗಿರುತ್ತವೆ, ಒತ್ತಾಗಿ ಕೂಡ್ರುವುದಿಲ್ಲ. ಅಲ್ಲಿ ಜಲಜನಕ ಸೇರಿಸಿದರೆ ನೆಟ್ಟಗಾಗಿ, ಒಂದಕ್ಕೊಂದು ಒತ್ತಿ ಕೂತು, ಎಣ್ಣೆ ವನಸ್ಪತಿಯಾಗಿ ಗಟ್ಟಿಯಾಗುತ್ತದೆ. ಅದರ ಸಬಕಾರವೂ ಗಟ್ಟಿ. ಇಷ್ಟೇ ಸಂಗತಿ. ಪ್ರತಿ ವರ್ಷ ಈ ಪಾಠ ಬಂದಾಗ ನನ್ನ ಬಾಯಿ ಕಹಿಯಾಗುತ್ತದೆ.

ಅಜ್ಜಿ ಇರುವಾಗಲೇ ಅವಳಿಗೂ ಬಿಡಿಸಿ ಹೇಳಿದ್ದೆ. ಪೂರ್ತಿ ಕೇಳಿ ಅಂದಳು: “ವನಸ್ಪತಿನ ಇರವಲ್ದ್ಯಾಕ. ಒಮ್ಮೆ ಹೇಸಿಕಿ ಬಂತಂದ್ರ ಬಂತವಾ.”

ಆ ಮಾತಿನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಮೊನ್ನೆ ಮನೆಗೆ ಬಂದವಳೇ ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಂಗಡಿಯ ಸಬಕಾರ ನೀರು ಕುಡಿದು ಲೋಳೆಯಾಗಿ ಬಿದ್ದಿತ್ತು. ಬಣ್ಣದ ಕಾಗದ ಸುತ್ತಿಕೊಂಡು ಬಂದದ್ದು. ಅದರೊಳಗೆ ಯಾವ ಕೊಬ್ಬಿದೆಯೋ, ನಮ್ಮ ಓಣಿಯಲ್ಲಿ ಇದುವರೆಗೆ ಒಬ್ಬರೂ ಕೇಳಿಲ್ಲ. ಮೂಸಿ ನೋಡ್ರಿ ಎಂದು ಬಾಗಿಲಲ್ಲಿ ನಿಲ್ಲುವವಳೂ ಈಗ ಇಲ್ಲ.