ಹಿಂದೆ ನಡೆಯುವವರ ಹೂವು

ಉಮ್ಮತ್ತೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಮೊದಲು ಸ್ವಾಮಿಗಳಿಗೆ, ಆಮೇಲೆ ಸಾಗರನಿಗೆ ಹೇಳಿಕಳುಹಿಸುತ್ತಿದ್ದರು. ಸತ್ತವರನ್ನು ಮಲಗಿಸದೆ, ಕೂರಿಸಿ ಹೊತ್ತೊಯ್ಯುವ ಜನ ಅವನವರು. ಕೂರಿಸಲು ಬಿದಿರಿನ ಮಂಟಪ ಬೇಕು, ಮಂಟಪಕ್ಕೆ ಹೂವು ಬೇಕು. ಸಾಗರ್ ಕಟ್ಟಿದರೆ ಅಳುತ್ತಿದ್ದವರೂ ಒಂದು ಗಳಿಗೆ ಅಳು ಮರೆತು ನೋಡುತ್ತಿದ್ದರು.

ಹೂವಿಗೆಂದು ಗುಂಡ್ಲುಪೇಟೆಗೆ ಬಂದಾಗಲೇ ಅವನು ಸುನೀಲ್ ಕುಮಾರನಿಗೆ ಸಿಕ್ಕಿದ್ದು. ಸುನೀಲ್ ಪಿಕಪ್ಪಿನಲ್ಲಿ ಚೆಂಡುಹೂವು ತುಂಬಿಕೊಂಡು, ರಾತ್ರಿ ಬಂಡೀಪುರ ಕಾಡಿನ ಗೇಟು ಹಾಕುವ ಮುಂಚೆ ಕೇರಳದ ಕಡೆ ಓಡುವವನು.

"ಮದ್ವೆಗಾ?" ಎಂದು ಕೇಳಿದ.

"ಸಾವಿಗೆ. ಸತ್ತೋರು ಎದ್ದು ಬಂದು ಜಗಳ ಆಡಲ್ಲ ಅಂತ ಬಾಡಿದ್ದು ಕೊಟ್ಟುಬುಟ್ಟೀಯ ಕಣ್ಲಾ!"

ಆ ಮಾತಿಗೇ ಸುನೀಲ್ ಸೋತ. ಆಮೇಲೆ ಊರಿನ ಕಣ್ಣಿಗೆ ಅವರು ದೋಸ್ತುಗಳು. ತಮ್ಮೊಳಗೆ ಒಬ್ಬರಿಗೊಬ್ಬರು ಜೀವ.

ಸಾಗರ್ ಕಟ್ಟುವಾಗ ಸುನೀಲ್ ಪಕ್ಕದಲ್ಲಿ ಕೂತು ಬಾಳೆನಾರು ಎತ್ತಿಕೊಡುತ್ತಿದ್ದ. ನಾರು ಚೆನ್ನಾಗಿ ನೆನೆದಿರಬೇಕು, ಒಣನಾರು ಹೆಗಲಿನ ಕುಲುಕಿಗೆ ಕಿತ್ತುಹೋಗುತ್ತದೆ ಎಂದು ಸಾಗರನಿಂದ ಗದರಿಸಿಕೊಳ್ಳುತ್ತಿದ್ದ. ಬೇರೆಯವರು ಮುಂದುಗಡೆಗಷ್ಟೇ ಹೂವು ಕಟ್ಟಿ ಮುಗಿಸಿದರೆ, ಸಾಗರ್ ಹಿಂಬದಿಗೂ ಅಷ್ಟೇ ಮನಸ್ಸಿಟ್ಟು ಕಟ್ಟುತ್ತಿದ್ದ.

"ಹಿಂದ್ಗಡೆ ಯಾರ್ ನೋಡ್ತಾರ್ಲಾ?"

"ಹಿಂದೆ ನಡೆಯೋರು. ದಾರಿ ಉದ್ದಕ್ಕೂ ಅವ್ರಿಗೆ ಕಾಣೋದು ಅದೊಂದೇ ತಾನೆ?"

ನೆದರ್ಲೆಂಡ್ಸಿನಲ್ಲಿ ಹೂವಿನ ವಿನ್ಯಾಸ ಕಲಿಸುವ ಶಾಲೆಯೊಂದಿದೆ ಎಂದು ಸಾಗರ್ ಪತ್ತೆ ಮಾಡಿದ. ಕಲಿತು, ಅಲ್ಲೇ ಕೆಲಸ ಹಿಡಿದು, ಸುನೀಲನನ್ನು ಕರೆಸಿಕೊಳ್ಳುವುದು. ಅಲ್ಲಿ ಇಬ್ಬರು ಗಂಡಸರು ಮದುವೆಯಾಗಬಹುದು, ಒಂದೇ ಬಾಗಿಲ ಮೇಲೆ ಇಬ್ಬರ ಹೆಸರೂ ಇರಬಹುದು. ಮಂಟಪಗಳ ಫೋಟೋಗಳಿಂದ ಸತ್ತವರನ್ನು ಕತ್ತರಿಸಿ ತೆಗೆದು ಶಾಲೆಗೆ ಕಳುಹಿಸಿದ. ವಿಡಿಯೋ ಕರೆಯಲ್ಲಿ ಶಾಲೆಯವರು, ಇದರಲ್ಲಿ ಕೂರುವವರು ಯಾರು ಎಂದು ಕೇಳಿದರು. ಮದುಮಕ್ಕಳು ಎಂದುಬಿಟ್ಟ. ಸೀಟು ಸಿಕ್ಕಿತು.

"ಯಾಕ್ಲಾ ಸುಳ್ಳೇಳ್ದೆ?" ಎಂದ ಸುನೀಲ್.

"ಹೆಣದ ಕೆಲ್ಸ ಅಂದ್ರೆ ಬೆದರ್ಕೊಂಡಾರು. ಅಲ್ಲಿ ಸೇರ್ಕಂಡ್ಮೇಲೆ ಹೇಳ್ತೀನಿ ಬುಡು."

"ಮತ್ತೆ ಅವ್ವಂಗೆ? ನಮ್ಮಿಬ್ರು ವಿಸ್ಯ?"

"ಅವ್ವಂಗೂ ಅಲ್ಲಿಂದ್ಲೇ ಹೇಳನ. ಫೋನಲ್ಲಾದ್ರೆ ಪೊರಕೆ ಎತ್ಕಳಕಾಗಲ್ಲ."

ಇಬ್ಬರೂ ನಕ್ಕರು. ಮಾತು ಅಲ್ಲಿಗೇ ನಿಂತಿತು.

ಸಾಗರನಿಗೆ ಜ್ವರ ಬಂದಾಗಲೂ ಅದೇ ಬುದ್ಧಿ. "ವೀಸಾ ಕೈಗೆ ಬರ್ಲಿ, ಆಮೇಲೆ ತೋರ್ಸನ" ಎನ್ನುತ್ತಾ ಓಡಾಡಿದ. ಡೆಂಗಿ ಎಂದು ತಿಳಿಯುವಷ್ಟರಲ್ಲಿ ಕೈಮೀರಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಮನೆಯವರು ಮಾತ್ರ ಒಳಗೆ ಹೋಗಿ ನೋಡಿ ಬಂದರು. ಸುನೀಲ್ ಹೊರಗೆ ಪಿಕಪ್ಪಿನಲ್ಲಿ ಕೂತಿದ್ದ.

ಸಾಗರನ ಹೆಣ ಊರಿಗೆ ಬಂದಾಗ ಅವನಂತೆ ಮಂಟಪ ಕಟ್ಟುವವರೇ ಇರಲಿಲ್ಲ. ತಾಯಿ ಗುರುಮಲ್ಲಮ್ಮ ಸುನೀಲನ ಕಡೆ ತಿರುಗಿದಳು. "ನೀನೇ ಕಟ್ಟಪ್ಪ. ಅವ್ನ ಕೈ ನೋಡಿರೋನು ನೀನೊಬ್ನೇಯ."

ತಂದೆ ಪುಟ್ಟಮಲ್ಲಪ್ಪ ಹೊತ್ತಾಯಿತೆಂದು ಅವಸರಿಸುತ್ತಿದ್ದ. ನಾರು ನೆನೆಸಲು ಪುರುಸೊತ್ತಿರಲಿಲ್ಲ. ಮುಂಬದಿ ಮುಗಿಸಿ ಸುನೀಲ್ ಹಿಂಬದಿಗೆ ಬಂದ. ಗುರುಮಲ್ಲಮ್ಮ ಅಲ್ಲಿಗೇ ಬಂದು ಕೂತಳು.

"ಏನೋ ಹೇಳ್ಬೇಕು ಕಣವ್ವ, ಅಲ್ಲಿಗೋಗಿ ಹೇಳ್ತೀನಿ ಅಂತಿದ್ದ ನನ್ ಮಗ. ನಿಂಗೇಳಿದ್ನಾ?"

ಮಾತು ನಾಲಿಗೆಯ ತುದಿಗೆ ಬಂತು. ಸುತ್ತ ಜನವಿತ್ತು.

"ಅಲ್ಲೇ ಇದ್ದುಬುಡ್ತೀನಿ ಅಂತಿದ್ದ ಅವ್ವ. ಅದೇ ಇರ್ಬೇಕು."

"ಅದು ನಂಗೊತ್ತಿತ್ತು ಕಣಪ್ಪ. ಇದು ಬ್ಯಾರೆ."

ಅವಳು ಅವನ ಮುಖವನ್ನೇ ನೋಡುತ್ತಾ ಕಾದಳು. ಸುನೀಲ್ ತಲೆ ತಗ್ಗಿಸಿ ಇನ್ನೊಂದು ಹೂವು ಸೇರಿಸಿದ.

ಹೆಗಲು ಕೊಡಲು ಅಣ್ಣತಮ್ಮಂದಿರಿದ್ದರು, ದಾಯಾದಿಗಳಿದ್ದರು. ಸುನೀಲ್ ಹಿಂದೆ ನಡೆದ. ದಾರಿಯುದ್ದಕ್ಕೂ ತಾನು ಕಟ್ಟಿದ್ದೇ ಕಣ್ಣ ಮುಂದೆ. ಹೊಲದ ತಿರುವಿನಲ್ಲಿ ಹೆಗಲು ಬದಲಿಸುವಾಗ ಮಂಟಪ ಕುಲುಕಿತು, ನಾರು ಕಿತ್ತುಹೋಯಿತು, ಚೆಂಡುಹೂವು ಒಂದೊಂದಾಗಿ ಉದುರತೊಡಗಿದವು. ಅವನು ಬಗ್ಗಿ ಆರಿಸತೊಡಗಿದ.

"ಬಿದ್ದುದ್ ಎತ್ಬಾರ್ದು ಬುಡ್ಲಾ," ಎಂದರು ಯಾರೋ. ಅವನು ಬಿಡಲಿಲ್ಲ.

ಮಣ್ಣಾದ ಮೇಲೆ ಆ ತಾಯಿಗೆ ಹೇಳಿಬಿಡಬೇಕು ಎಂದುಕೊಂಡಿದ್ದ. ಈಗಲೂ ಲೋಡು ಇಲ್ಲದ ದಿನ ಉಮ್ಮತ್ತೂರಿಗೆ ಹೋಗುತ್ತಾನೆ. ಗುರುಮಲ್ಲಮ್ಮ ಕಾಫಿ ಕೊಟ್ಟು ಎದುರಿಗೆ ಕೂರುತ್ತಾಳೆ. ಅವನು ಲೋಟ ಬರಿದು ಮಾಡಿ, "ಬತ್ತೀನಿ ಅವ್ವ" ಎಂದು ಎದ್ದು ಬರುತ್ತಾನೆ.